ಷರಾ

ಕುಮಟೆಯ ದನದ ಆಸ್ಪತ್ರೆಯ ದಪ್ಪ ಪುಸ್ತಕದಲ್ಲಿ
ಒಂಬತ್ತು ಅಂಕಣ. ಎಂಟನ್ನು ನಾನೇ ತುಂಬುತ್ತೇನೆ:
ತಾರೀಖು, ವಾರಸುದಾರರ ಹೆಸರು, ಊರು,
ಎಮ್ಮೆಯೋ ಆಡೋ ನಾಯಿಯೋ, ಅದರ ವಯಸ್ಸು,
ಕಾಯಿಲೆ, ಮದ್ದು, ವಸೂಲಾದ ಶುಲ್ಕ.
ಒಂಬತ್ತನೆಯದು ಷರಾ.
ಹತ್ತೊಂಬತ್ತು ವರ್ಷದಿಂದ ಅದು ಖಾಲಿ.
ಬರೆಯುವಂಥದ್ದು ಏನಿರುತ್ತದೆ?
ಜಂತಿಗೆ ಮದ್ದು ಕೊಟ್ಟೆವು. ಹೊಡೆದುಕೊಂಡು ಹೋದರು.

ಜನವರಿಯಲ್ಲಿ ಒಬ್ಬಳು ಬಂದಳು ಪೋಲೆಂಡಿನಿಂದ.
ಇನ್ನೂ ವಿಜ್ಞಾನ ಓದುವ ಹುಡುಗಿ.
ದನದ ಡಾಕ್ಟರಾಗುವ ಮೊದಲು ದನ ಮುಟ್ಟಿರಬೇಕಂತೆ,
ಅದಕ್ಕೊಂದು ಕಂಪನಿ, ಕಂಪನಿಗೊಂದು ಫೀಸು.
ದುಡ್ಡು ಕೊಟ್ಟು ಸಗಣಿ ತುಳಿಯುವವರನ್ನು
ನಾನು ನೋಡಿದ್ದು ಅದೇ ಮೊದಲು.
ಹೆಸರು ನಾಲ್ಕು ಸಲ ಹೇಳಿಸಿದೆ. ಐದನೆಯ ಸಲ
ನಾಲಿಗೆ ಅರ್ಧದಲ್ಲೇ ಇಳಿದುಬಿಟ್ಟಿತು:
ಅಗ್ನಿ ಅಂದೆ. ಬಿಸಿಲಿಗೆ ಕೆಂಪಾಗಿದ್ದಳು, ಸರಿಹೋಯಿತು.

ಅವಳ ಹತ್ತಿರ ನೀಲಿ ಕಡತ.
ನೂರಿಪ್ಪತ್ತು ಗಂಟೆ ತುಂಬಬೇಕು, ಮೂರು ಸಾಲು:
ನೋಡಿದ್ದು, ನೆರವಾದದ್ದು, ಸ್ವತಃ ಮಾಡಿದ್ದು.
ಸಂಜೆ ನಾಡಕರ್ಣಿ ಮೇಡಮ್ಮು ಸಹಿ ಹಾಕುತ್ತಿದ್ದರು,
ಮೊದಲೆರಡಕ್ಕೆ.
ಒಂದು ದಿನ ಅಂಬಿಗರ ಹೋರಿ ಹಗ್ಗ ಬಿಚ್ಚಿಕೊಂಡಿತು.
'ಹಾಯ್ತದೆ! ಹಾಯ್ತದೆ!' ಕೂಗಿದೆವು.
ಅವಳು ನಮ್ಮ ಕಡೆ ತಿರುಗಿ
'ಹಾಯ್' ಅಂದಳು, ಕೈ ಬೀಸಿ.
ಹೋರಿಗೂ ಏನನ್ನಿಸಿತೋ, ಪಕ್ಕಕ್ಕೆ ಹೋಯಿತು.

ಮೇಡಮ್ಮು ಕಾರವಾರದ ಮೀಟಿಂಗಿಗೆ ಹೋದ ರಾತ್ರಿ
ಮಾಸೂರಿನಿಂದ ಫೋನು. ಮಂಕಾಳಿ ಪಟಗಾರ್ತಿಯ ಎಮ್ಮೆ,
ಚೊಚ್ಚಲು, ಮಧ್ಯಾಹ್ನದಿಂದ ತಿಣುಕುತ್ತಿದೆ.
ಸ್ಕೂಟರಿನಲ್ಲಿ ಸಾಬೂನು, ಹಗ್ಗ, ಎಣ್ಣೆ, ಅಗ್ನಿ.
ಗಜನಿಯ ಕಟ್ಟೆಯ ಮೇಲೆ ಉಪ್ಪುನೀರಿನ ವಾಸನೆ,
ದೂರದಲ್ಲಿ ಸಿಗಡಿ ಗೇಟಿನ ಒಂದೇ ದೀಪ.

ನನ್ನ ಕೈ ಒಳಗೆ ಹೋಗಲಿಲ್ಲ. ಗೇಣಗಲದ ಕೈ,
ಜೊತೆಗೆ ಹಳೆಯ ಉಳುಕು.
ಅವಳ ಕೈ ನೋಡಿದೆ. ಅವಳೂ ನೋಡಿಕೊಂಡಳು.
ಅನುಮತಿ ಇಲ್ಲ ಎಂದಳು, ಇಂಗ್ಲಿಷಿನಲ್ಲಿ.
ಮಂಕಾಳಿಗೆ ಆ ಶಬ್ದ ಗೊತ್ತಿಲ್ಲ.
'ಬಳೆ ಇದ್ರೆ ತೆಗಿ ಕೂಸೆ' ಎಂದು
ಹೆಗಲಿನ ತನಕ ಕೊಬ್ಬರಿ ಎಣ್ಣೆ ಹೊಯ್ದಳು.

ಕಣ್ಣು ಮುಚ್ಚಿ ಹುಡುಕಿದಳು.
ನಾನು ನನ್ನ ಮೊಣಕೈ ಮಡಚಿ ಬಿಡಿಸಿ ತೋರಿಸುತ್ತ ನಿಂತೆ,
ಕಣ್ಣು ಮುಚ್ಚಿದವಳಿಗೆ.
'ನೀ' ಅಂದಳು ಒಮ್ಮೆ. 'ನೀ, ನೀ.'
ಮೊಣಕಾಲು ಸಿಕ್ಕಿದೆ, ಮಡಚಿದೆ, ನನಗೆ ತಿಳಿಯಿತು.
ಮಂಕಾಳಿಗೆ ಬೇರೆ ಕೇಳಿತು:
ಒಳಗಿನ ಜೀವವನ್ನು ಯಾರೋ ನೀ ಎಂದು ಕರೆದ ಹಾಗೆ.
'ಹೂಂ, ಕರಿ ಕೂಸೆ. ಕರೀತಾ ಇರು. ಬರ್ತದೆ.'

ಹಿಂದಕ್ಕೆ ನೂಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ
ಕಾಲು ಬಿಡಿಸಲು ಮುಕ್ಕಾಲು ಗಂಟೆ.
ಆಮೇಲೆ ಹಗ್ಗ, ಆಮೇಲೆ ಮೂವರೂ ನೆಲಕ್ಕೆ.
ನೀಲಿ ನಾಲಿಗೆ. ಮೂಗಿಗೆ ಹುಲ್ಲುಕಡ್ಡಿ.
ಸೀನಿತು.

ಮಂಕಾಳಿ ಬಾಲ ಎತ್ತಿ ನೋಡಿ
'ಕೋಣ' ಅಂದಳು. ಅಷ್ಟೇ ಅಂದಳು.
ಅಗ್ನಿ ಅಳುತ್ತ ನಗುತ್ತಿದ್ದಳು.
ಕೋಣನ ಕರುವಿಗೆ ಇಲ್ಲಿ ಎಷ್ಟು ದಿನ ಹಾಲು
ಎಂದು ಅವಳಿಗೆ ನಾನು ಹೇಳಲಿಲ್ಲ.
ಮಂಕಾಳಿ ಮಾತ್ರ ಬಿಸಿನೀರು ಕಾಯಿಸಿ
ಅವಳ ತೋಳನ್ನು ತಾನೇ ತೊಳೆದಳು, ಉಗುರು ಉಗುರು.

ಬೆಳಿಗ್ಗೆ ಮೇಡಮ್ಮು ಸಹಿ ಹಾಕಲಿಲ್ಲ.
ನಾನಿಲ್ಲದ ಗಂಟೆ ಗಂಟೆಯಲ್ಲ ಎಂದರು.
ಅವರದ್ದೂ ತಪ್ಪಲ್ಲ, ಏನಾದರೂ ಆಗಿದ್ದರೆ?
ಅವಳು ವಾದಿಸಲಿಲ್ಲ. ಕಡತದ ದಾರ ಕಟ್ಟಿ
ಶನಿವಾರದ ರೈಲು ಹತ್ತಿದಳು.

ಆ ಮಧ್ಯಾಹ್ನ ಪುಸ್ತಕ ತೆಗೆದು
ಮಾಸೂರಿನ ಸಾಲಿನ ಕೊನೆಗೆ ಬರೆದೆ,
ಎರಡು ಸಲ ಹೊಡೆದುಹಾಕಿ, ಒತ್ತು ಸರಿಮಾಡಿ,
ಪೂರ್ತಿ: ಅಗ್ನ್ಯೆಷ್ಕಾ.

ಮಾರ್ಚಿನಲ್ಲಿ ತಪಾಸಣೆಯವರು ಬೆರಳಿಟ್ಟು ಕೇಳಿದರು:
ಇದ್ಯಾವ ಮದ್ದು ತಿಮ್ಮಪ್ಪ?
ದಾಸ್ತಾನಿನಲ್ಲಿ ಕಾಣುವುದಿಲ್ಲವಲ್ಲ.

ಒಂದೇ ಬಂದಿತ್ತು ಸರ್, ಅಂದೆ.
ಖರ್ಚಾಗಿದೆ.